ಊರಿನ ಗ್ರಂಥಾಲಯದಲ್ಲೊಂದು ಪ್ರದರ್ಶನ: ಅರ್ಜಿ ಕೊಡುವುದರಿಂದ ಸಾಮಾನು ವಾಪಸ್ ಮುಟ್ಟಿಸುವವರೆಗೆ

ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಇರುವುದು ಒಂದೇ ಕೋಣೆ. ನಾಲ್ಕು ಕಬ್ಬಿಣದ ಬೀರು, ಎರಡು ಉದ್ದ ಟೇಬಲ್, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಪೇಪರ್ ಓದಲು ಐದಾರು ಜನ ಬರುತ್ತಿದ್ದರು. ಸಂಜೆ ಪರೀಕ್ಷೆಗೆ ಓದಿಕೊಳ್ಳುವ ಮೂರು ನಾಲ್ಕು ಹುಡುಗರು. ಹೆಂಗಸರು ಒಳಗೆ ಕಾಲಿಡುತ್ತಿದ್ದುದೇ ಅಪರೂಪ. ಅದೇ ಕೋಣೆಯಲ್ಲಿ ಹತ್ತು ದಿನ ಊರಿನ ಹಳೇ ಅಳತೆ ಸಾಮಾನು ಇಟ್ಟೆವು. ಆಗ ಅಜ್ಜಿಯರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಒಬ್ಬರು ಹಿತ್ತಾಳೆ ಸೇರನ್ನು ಎತ್ತಿಕೊಂಡು ಮಗುಚಿ ನೋಡಿ, "ಇಲ್ನೋಡವ್ವ, ಮುದ್ರೆ. ಸರ್ಕಾರದೋರು ಒತ್ತಿರೋದು. ನಮ್ಮತ್ತೆ ಇದ್ರಲ್ಲೇ ರಾಗಿ ಅಳೀತಿದ್ರು" ಅಂತ ಮೊಮ್ಮಗಳಿಗೆ ತೋರಿಸಿದರು. ಆ ಹುಡುಗಿ ಅವತ್ತೇ ಸದಸ್ಯತ್ವದ ಅರ್ಜಿ ತುಂಬಿದಳು.

ಇಂಥದ್ದು ನಿಮ್ಮೂರಲ್ಲೂ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ದುಡ್ಡು ಬೇಕಿಲ್ಲ. ವೇದಿಕೆ, ಹಾರ, ಶಾಲು ಯಾವುದೂ ಬೇಡ. ಒಂದೇ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ಪ್ರದರ್ಶನ ಊರಿನವರ ಮನೆಯ ವಸ್ತುವಿನಿಂದ ಶುರುವಾಗಬೇಕು, ಪುಸ್ತಕದ ಬೀರುವಿನ ಮುಂದೆ ಮುಗಿಯಬೇಕು. ಬಂದವರು ನೋಡಿ, ಮಾತಾಡಿ, ಬರಿಗೈಯಲ್ಲಿ ಹೋದರೆ ನಮ್ಮ ಕೆಲಸ ಅರ್ಧ ಆದಂತೆ.

ಮೊದಲು ಅನುಮತಿ

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರಲ್ಲೇ ಕಾಯ್ದೆ ಆಯಿತು. ನೀವು ಕಟ್ಟುವ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ನೂರಕ್ಕೆ 6ರಂತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅಂದರೆ ಆ ಕೋಣೆಗೆ ನೀವೂ ದುಡ್ಡು ಕೊಟ್ಟಿದ್ದೀರಿ. ಕೇಳುವುದಕ್ಕೆ ಸಂಕೋಚ ಬೇಡ.

ಹಳ್ಳಿಯ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದಿವೆ. ಈಗ ಬೋರ್ಡಿನಲ್ಲಿ 'ಅರಿವು ಕೇಂದ್ರ' ಎಂದು ಕಾಣಬಹುದು. ಹಾಗಾಗಿ ಮೊದಲು ಗ್ರಂಥಾಲಯದ ಮೇಲ್ವಿಚಾರಕರ ಜೊತೆ ಕೂತು ಮಾತಾಡಿ, ಆಮೇಲೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಒಂದು ಪುಟದ ಅರ್ಜಿ ಕೊಡಿ. ಏನು, ಯಾವಾಗ, ಎಷ್ಟು ದಿನ, ಯಾರು ಜವಾಬ್ದಾರಿ, ಇಷ್ಟು ಬರೆದರೆ ಸಾಕು. ಅಧ್ಯಕ್ಷರಿಗೂ ಒಂದು ಪ್ರತಿ ಇರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಪಟ್ಟಣದ ಶಾಖಾ ಗ್ರಂಥಾಲಯವಾದರೆ ಅದು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿರುತ್ತದೆ. ಅಲ್ಲಿ ಗ್ರಂಥಪಾಲಕರ ಮೂಲಕವೇ ಮೇಲಿನವರಿಗೆ ಅರ್ಜಿ ಹೋಗಬೇಕು, ದಿನ ಜಾಸ್ತಿ ಹಿಡಿಯುತ್ತದೆ. ಒಂದು ತಿಂಗಳು ಮುಂಚೆಯೇ ಕೊಡಿ.

ಮೇಲ್ವಿಚಾರಕರನ್ನು ಬರೀ ಬೀಗ ತೆಗೆಯುವವರು ಅಂತ ನೋಡಬೇಡಿ. ಯಾವ ಹುಡುಗ ಯಾವ ಪುಸ್ತಕ ಕೇಳುತ್ತಾನೆ, ಯಾವ ಗೋಡೆಗೆ ಮಳೆ ನೀರು ಇಳಿಯುತ್ತದೆ, ಯಾವ ಹೊತ್ತಿಗೆ ಕರೆಂಟ್ ಹೋಗುತ್ತದೆ, ಎಲ್ಲ ಗೊತ್ತಿರುವುದು ಅವರಿಗೆ. ಅವರು ಮನಸ್ಸಿಟ್ಟರೆ ಮಾತ್ರ ಈ ಕೆಲಸ ನಡೆಯುತ್ತದೆ.

ವಿಷಯ ಚಿಕ್ಕದಿರಲಿ

'ನಮ್ಮ ಸಂಸ್ಕೃತಿ' ಅಂತ ಹೆಸರಿಟ್ಟರೆ ಕೈಗೆ ಏನೂ ಸಿಗುವುದಿಲ್ಲ. ಒನಕೆಯೂ ಬರುತ್ತದೆ, ರಂಗೋಲಿಯೂ ಬರುತ್ತದೆ, ಕೊನೆಗೆ ಸಂತೆಯಂತೆ ಕಾಣುತ್ತದೆ. 'ಊರಿನ ಅಳತೆಗಳು' ಅನ್ನಿ. 'ದೀಪಗಳು' ಅನ್ನಿ. 'ನಮ್ಮೂರಿನ ನಾಟಕದ ಫೋಟೋಗಳು', 'ಬಿತ್ತನೆ ಬೀಜ', 'ಲಗ್ನಪತ್ರಿಕೆಗಳು', ಹೀಗೆ ಯಾವುದಾದರೂ ಒಂದು. ಲಗ್ನಪತ್ರಿಕೆ ಕೇಳಲು ಸಣ್ಣದು ಅನಿಸಬಹುದು. ಐವತ್ತು ವರ್ಷದ ಪತ್ರಿಕೆಗಳನ್ನು ಸಾಲಾಗಿ ಇಟ್ಟು ನೋಡಿ. ಮದುವೆ ಮನೆ ಮುಂದಿನ ಚಪ್ಪರದಿಂದ ಛತ್ರಕ್ಕೆ ಹೋದದ್ದು, ಹೆಣ್ಣಿನ ಹೆಸರಿನ ಮುಂದೆ ಓದಿದ ಡಿಗ್ರಿ ಬಂದದ್ದು, ಅಕ್ಷರದ ಮೊಳೆ ಜೋಡಿಸಿ ಒತ್ತುವುದು ಹೋಗಿ ಬಣ್ಣದ ಆಫ್‌ಸೆಟ್ ಬಂದದ್ದು, ಎಲ್ಲ ಅಲ್ಲೇ ಕಾಣುತ್ತದೆ.

ನಾವು ಅಳತೆ ಆರಿಸಿಕೊಂಡಿದ್ದಕ್ಕೆ ಕಾರಣ, ಮಕ್ಕಳು ಕೈಯಲ್ಲಿ ಮುಟ್ಟಿ ನೋಡಬಹುದು ಎಂಬುದು. ನಮ್ಮ ಕಡೆ ನಾಲ್ಕು ಪಾವಿಗೆ ಒಂದು ಸೇರು. ಒಂದು ಮೊರದಲ್ಲಿ ರಾಗಿ, ಪಕ್ಕದಲ್ಲಿ ಪಾವು, ಸೇರು, ಒಂದು ಲೀಟರ್ ಡಬ್ಬ ಇಟ್ಟೆವು. ಅಳೆದು ನೋಡಿ ಎಂದು ಚೀಟಿ ಅಂಟಿಸಿದೆವು. ಅದರ ಹಿಂದಿನ ಗೋಡೆಗೆ, 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಲೆಕ್ಕ ಬಂದಾಗ ಹದಿನಾರಾಣೆ ಹೇಗೆ ಹಿಂದೆ ಸರಿಯಿತು ಎಂಬ ಒಂದು ಹಾಳೆ. ಹತ್ತು ದಿನವೂ ಆ ಮೊರದ ಸುತ್ತ ಮಕ್ಕಳು ಇದ್ದೇ ಇದ್ದರು. ನೆಲದಲ್ಲಿ ರಾಗಿ ಚೆಲ್ಲುತ್ತದೆ, ಚೆಲ್ಲಲಿ ಬಿಡಿ. ಪೊರಕೆ ಪಕ್ಕದಲ್ಲೇ ಇಟ್ಟುಕೊಳ್ಳಿ.

ದಿನ ಗೊತ್ತು ಮಾಡುವುದು

ಒಂದು ದಿನದ ಕಾರ್ಯಕ್ರಮಕ್ಕಿಂತ ಒಂದು ವಾರ, ಹತ್ತು ದಿನದ ಪ್ರದರ್ಶನ ಒಳ್ಳೆಯದು. ಮೊದಲ ದಿನ ಬಂದವರು ಮನೆಗೆ ಹೋಗಿ ಹೇಳುತ್ತಾರೆ, ನಾಲ್ಕನೇ ದಿನಕ್ಕೆ ನಿಜವಾದ ಜನ ಬರುತ್ತಾರೆ. ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆಗಸ್ಟ್ 12, ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ದಾರಿ ಹಾಕಿದ ಎಸ್.ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಈ ದಿನಗಳಲ್ಲಿ ಕೇಳಿದರೆ ಅನುಮತಿ ಸಲೀಸು. ಆದರೆ ನವೆಂಬರ್ ಅಂದರೆ ರಾಗಿ ಕೊಯ್ಲಿನ ಹೊತ್ತು ಕೂಡ. ನಿಮ್ಮ ಊರಿನ ಬೆಳೆ, ಜಾತ್ರೆ, ಪರೀಕ್ಷೆ ಮೂರನ್ನೂ ನೋಡಿಕೊಂಡು ಆರಿಸಿ. ಏಪ್ರಿಲ್ ಕೊನೆ ನನಗೆ ತುಂಬಾ ಇಷ್ಟ. ಮಕ್ಕಳಿಗೆ ರಜೆ, ಬೆಂಗಳೂರಿಗೆ ಹೋದವರೂ ಊರಿಗೆ ಬಂದಿರುತ್ತಾರೆ.

ಪ್ರಚಾರಕ್ಕೆ ಫ್ಲೆಕ್ಸ್ ಬೇಡ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಲು ಊರೇ ಬರುತ್ತದೆ. ಅಲ್ಲಿ ಕೈಬರಹದ ಒಂದು ಹಾಳೆ ಅಂಟಿಸಿ, ಎರಡು ದಿನ ನಿಂತು ಬಾಯಲ್ಲಿ ಹೇಳಿ. ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ ಹತ್ತು ನಿಮಿಷ ಮಾತಾಡಿ. ಅಂಗನವಾಡಿ ಟೀಚರ್‌ಗೆ, ಆಶಾ ಕಾರ್ಯಕರ್ತೆಗೆ ಹೇಳಿದರೆ ಮನೆ ಮನೆಗೆ ಸುದ್ದಿ ಮುಟ್ಟುತ್ತದೆ.

ಮನೆ ಮನೆಯಿಂದ ಸಾಮಾನು ತರುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದು, ಹೆಚ್ಚು ಸಂತೋಷ ಕೊಡುವುದೂ ಇದೇ. ಮೂರು ವಾರ ಇಟ್ಟುಕೊಳ್ಳಿ. ಇಬ್ಬರು ಹೋಗಿ, ಒಬ್ಬರು ಹುಡುಗಿ ಇದ್ದರೆ ಒಳ್ಳೆಯದು, ಅಡುಗೆಮನೆವರೆಗೂ ಮಾತು ಹೋಗುತ್ತದೆ. "ಏನಾದ್ರೂ ಹಳೇದು ಇದ್ಯಾ ಅಜ್ಜಿ?" ಅಂದರೆ "ಏನೂ ಇಲ್ಲ ಕಣಪ್ಪ" ಅನ್ನುತ್ತಾರೆ. "ರಾಗಿ ಯಾವುದ್ರಲ್ಲಿ ಅಳೀತಿದ್ರಿ?" ಅಂದರೆ ಎದ್ದು ಅಟ್ಟದ ಕಡೆ ನೋಡುತ್ತಾರೆ.

ಎಲ್ಲ ಕೇರಿಗೂ ಹೋಗಬೇಕು. ಇದನ್ನು ಒತ್ತಿ ಹೇಳುತ್ತೇನೆ. ದೊಡ್ಡ ಮನೆಗಳ ಅಟ್ಟದಲ್ಲಿ ಹಿತ್ತಾಳೆ, ಕಂಚು ಸಿಗುತ್ತದೆ, ಅದನ್ನಷ್ಟೇ ಜೋಡಿಸಿದರೆ ಅದು ನಾಲ್ಕು ಮನೆಯ ಪ್ರದರ್ಶನ ಆಗುತ್ತದೆ. ಚಮ್ಮಾರಿಕೆ ಮಾಡುತ್ತಿದ್ದವರ ಉಳಿ, ಕುಂಬಾರರ ಮನೆಯ ಬಡಿಯುವ ಹಲಗೆ, ಮೇದರ ಬಿದಿರಿನ ಮೊರ, ತಮಟೆ, ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಇವೆಲ್ಲ ಊರನ್ನು ಕಟ್ಟಿದ ಸಾಮಾನು. ಒಂದೇ ಟೇಬಲ್ ಮೇಲೆ, ಒಂದೇ ಎತ್ತರದಲ್ಲಿ, ಕೊಟ್ಟವರ ಹೆಸರಿನ ಜೊತೆ ಇರಬೇಕು. ಹೆಸರು ಹಾಕಬೇಡಿ ಅಂದವರ ಮಾತನ್ನೂ ಕೇಳಿ.

ಒಂದು ಕಾರ್ಬನ್ ಹಾಳೆಯ ರಸೀದಿ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ವಸ್ತುವಿಗೂ ಒಂದು ರಸೀದಿ. ಅದರಲ್ಲಿ ಇಷ್ಟು ಇರಲಿ:

- ವಸ್ತು ಏನು, ಯಾರದ್ದು, ಯಾವತ್ತು ತಂದಿರಿ, ಯಾವತ್ತು ವಾಪಸ್
- ಈಗಾಗಲೇ ಇರುವ ಬಿರುಕು, ತಗ್ಗು, ಹರಿದ ಅಂಚು
- ಮಕ್ಕಳು ಮುಟ್ಟಬಹುದೋ ಬೇಡವೋ
- ಅವರ ಸಹಿ ಇಲ್ಲವೇ ಹೆಬ್ಬೆಟ್ಟು, ನಿಮ್ಮ ಸಹಿ

ಜೊತೆಗೆ, ಕೊಟ್ಟವರು ವಸ್ತುವನ್ನು ಕೈಯಲ್ಲಿ ಹಿಡಿದಿರುವ ಒಂದು ಫೋಟೋ ಮೊಬೈಲ್‌ನಲ್ಲಿ ತೆಗೆಯಿರಿ. ಆಮೇಲೆ ಯಾವ ಸೇರು ಯಾರದ್ದು ಎಂಬ ಗೊಂದಲವೇ ಬರುವುದಿಲ್ಲ. ಚಿನ್ನ, ಬೆಳ್ಳಿ, ಮನೆದೇವರ ವಿಗ್ರಹ, ಹೊಲದ ಮೂಲ ಪತ್ರ ಇವನ್ನು ತರಲೇಬೇಡಿ. ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. ಬೀರುವಿನ ಬೀಗ ಅಷ್ಟೊಂದು ಗಟ್ಟಿ ಇರುವುದಿಲ್ಲ.

ಹಳೇ ಫೋಟೋ, ಹಳೇ ಕಾಗದ

ಇಲ್ಲಿ ನಮ್ಮಿಂದ ಒಂದು ತಪ್ಪಾಗಿದೆ, ಅದು ನಿಮಗೆ ಆಗಬಾರದು. ಮೊದಲ ವರ್ಷ ಒಬ್ಬ ಅಮ್ಮ ಗಂಡನ ಏಕೈಕ ಫೋಟೋ ಕೊಟ್ಟಿದ್ದರು. ನಾಟಕದ ವೇಷದಲ್ಲಿ ಕಿರೀಟ ಹಾಕಿ ನಿಂತಿದ್ದು. ನಾವು ಅದನ್ನೇ ಸೆಲ್ಲೋಟೇಪ್ ಹಾಕಿ ಗೋಡೆಗೆ ಅಂಟಿಸಿದೆವು. ತೆಗೆಯುವಾಗ ಟೇಪಿನ ಜೊತೆ ಮೇಲಿನ ಪದರ ಎದ್ದು ಬಂತು, ಕಿರೀಟದ ತುದಿ ಹೋಯಿತು. ಆ ಅಮ್ಮ ಏನೂ ಅನ್ನಲಿಲ್ಲ. ಸೆರಗಿನಲ್ಲಿ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ: ಗೋಡೆಗೆ ಹೋಗುವುದು ಪ್ರತಿ ಮಾತ್ರ, ಮೂಲ ಮನೆಯಲ್ಲೇ ಇರಲಿ.

ಪ್ರತಿ ತೆಗೆಯುವುದು ಕಷ್ಟವಲ್ಲ. ಸಾಧ್ಯವಾದರೆ ಅವರ ಮನೆಯಲ್ಲೇ, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಫೋಟೋವನ್ನು ಚಪ್ಪಟೆಯಾಗಿ ಇಟ್ಟು, ಮೊಬೈಲನ್ನು ಸರಿಯಾಗಿ ಮೇಲಿಂದ ಹಿಡಿದು ತೆಗೆಯಿರಿ. ಫ್ಲ್ಯಾಶ್ ಬೇಡ. ಗಾಜಿನ ಕಟ್ಟು ಹಾಕಿಸಿದ್ದರೆ ಬಿಚ್ಚಲು ಹೋಗಬೇಡಿ, ಹಳೇ ಫೋಟೋ ಗಾಜಿಗೆ ಅಂಟಿಕೊಂಡಿರಬಹುದು. ಸ್ವಲ್ಪ ಓರೆ ಮಾಡಿ, ಪ್ರತಿಫಲನ ತಪ್ಪಿಸಿ ತೆಗೆದರೆ ಸಾಕು. ಸ್ಕ್ಯಾನ್ ಮಾಡಿಸುವುದಾದರೆ 300 ಡಿಪಿಐಗೆ ಕಡಿಮೆ ಬೇಡ, ಚಿಕ್ಕ ಫೋಟೋಗೆ 600 ಇರಲಿ. ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ತಾರೀಖು ಸಿಗುವುದು ಅಲ್ಲೇ.

ಮೂಲ ಕಾಗದವನ್ನೇ ಇಡಬೇಕಾಗಿ ಬಂದರೆ ಟೇಪ್, ಗೋಂದು, ಸ್ಟೇಪ್ಲರ್ ಮೂರೂ ಬೇಡ. ಬಿಳಿ ಕಾಗದವನ್ನು ತ್ರಿಕೋನ ಮಡಿಸಿ ನಾಲ್ಕು ಮೂಲೆ ಮಾಡಿ, ಅದರೊಳಗೆ ತೂರಿಸಿ. ಟ್ಯೂಬ್‌ಲೈಟ್ ಕೆಳಗೆ, ಕಿಟಕಿ ಎದುರಿಗೆ ಇಡಬೇಡಿ. ಬಿಸಿಲಿಗೆ ಹೋದ ಬಣ್ಣ ಮತ್ತೆ ಬರುವುದಿಲ್ಲ.

ಊರಿನ ಕಲ್ಲನ್ನು ಕೋಣೆಗೆ ತರುವುದು, ಎತ್ತದೆ

ನಿಮ್ಮ ಊರಿನ ಗುಡಿಯ ಪಕ್ಕ, ಕೆರೆ ಏರಿ ಮೇಲೆ ಅರ್ಧ ಹೂತ ಒಂದು ಕಲ್ಲು ಇರಬಹುದು. ಅದಕ್ಕೆ ಪ್ರದರ್ಶನದಲ್ಲಿ ಒಂದು ಗೋಡೆ ಕೊಡಿ. ನನಗೆ ಈ ಭಾಗ ಅಂದರೆ ಪ್ರಾಣ.

ಅದು ವೀರಗಲ್ಲಾದರೆ, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಾದರೆ, ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತದೆ. ಕೆಳಗೆ ಯುದ್ಧ, ಎಷ್ಟೋ ಕಡೆ ತುರುಗೋಳು, ಅಂದರೆ ದನ ಕದ್ದೊಯ್ಯಲು ಬಂದವರ ಜೊತೆ ಹೋರಾಟ. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ಅದೇ ಶಾಸನ.

ಹಗಲು ಹೊತ್ತು ಅಕ್ಷರ ಕಾಣುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ತೆಗೆದುಕೊಂಡು ಹೋಗಿ. ಎದುರಿಗೆ ಬಿಡಬೇಡಿ, ಕಲ್ಲಿನ ಪಕ್ಕದಲ್ಲಿ ನಿಂತು ಬೆಳಕನ್ನು ಮೇಲ್ಮೈಗೆ ಸವರಿದಂತೆ ಬಿಡಿ. ಕೆತ್ತಿದ ಗೀರುಗಳಲ್ಲಿ ನೆರಳು ತುಂಬಿ, ಸುಮ್ನೆ ಒರಟು ಕಲ್ಲು ಅಂದುಕೊಂಡಿದ್ದ ಕಡೆ ಸಾಲು ಸಾಲು ಅಕ್ಷರ ಎದ್ದು ಬರುತ್ತದೆ. ನಮ್ಮ ಜೊತೆ ಬಂದ ಏಳನೇ ಕ್ಲಾಸಿನ ಹುಡುಗ 'ಶ್ರೀ' ಮಾತ್ರ ಗುರುತು ಹಿಡಿದ. ಅದೊಂದೇ ಅಕ್ಷರಕ್ಕೆ ಅವನು ಕುಣಿದಾಡಿಬಿಟ್ಟ. ಹೀಗೆ ಬೆಳಕು ಹಾಯಿಸಿ ಫೋಟೋ ತೆಗೆಯಿರಿ. ಸುಣ್ಣ, ಪೇಂಟ್, ಎಣ್ಣೆ ಏನನ್ನೂ ಹಚ್ಚಬೇಡಿ. ಮೆತ್ತನೆ ಬ್ರಶ್‌ನಲ್ಲಿ ಧೂಳು ಹೊಡೆದರೆ ಸಾಕು. ಕಲ್ಲನ್ನು ಅಲ್ಲಾಡಿಸಲೇಬೇಡಿ.

ಓದುವುದು ಹೇಗೆ? ಹಳೇ ಮೈಸೂರು ಸೀಮೆ, ಕೊಡಗಿನ ಊರಾದರೆ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ತೆಗೆಯಿರಿ. ಮೊದಲನೆಯದು ಬಂದದ್ದು 1886ರಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ತಾಲೂಕುವಾರು ಇದೆ, ಪ್ರತಿ ಶಾಸನಕ್ಕೂ ನಂಬರ್, ಯಾವ ಊರಲ್ಲಿ ಎಲ್ಲಿತ್ತು ಎಂಬ ವಿವರ. ಉತ್ತರ ಕರ್ನಾಟಕದವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ನೆರವಾಗುತ್ತವೆ. ಪುಸ್ತಕದ ಪುಟ, ಪಕ್ಕದಲ್ಲಿ ನಿಮ್ಮ ರಾತ್ರಿಯ ಫೋಟೋ, ಕೆಳಗೆ ಈಗಿನ ಕನ್ನಡದಲ್ಲಿ ನಾಲ್ಕು ಸಾಲಿನ ಅರ್ಥ. ಗೋಡೆ ತುಂಬಿತು. ಪುಸ್ತಕದಲ್ಲಿ ಸಿಗದಿದ್ದರೆ ಫೋಟೋವನ್ನು ಹತ್ತಿರದ ಕಾಲೇಜಿನ ಕನ್ನಡ ಇಲ್ಲವೇ ಇತಿಹಾಸ ಮೇಷ್ಟ್ರಿಗೆ ತೋರಿಸಿ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಎಂಬ ವೀರನ ಹೆಸರು ಅದರಲ್ಲಿದೆ. ಆ ಬಡಾವಣೆಯ ಜನ ಆಸಕ್ತರ ಜೊತೆ ಸೇರಿ ಅದನ್ನು ಉಳಿಸಿಕೊಂಡರು. ನಿಮ್ಮ ಕೆರೆ ಏರಿಯ ಕಲ್ಲಿನಲ್ಲೂ ಯಾರದೋ ಹೆಸರು ಇರಬಹುದು, ಅಲ್ವಾ?

ಜೋಡಿಸುವುದು

ಗೋಡೆಗೆ ಮೊಳೆ ಹೊಡೆಯಬೇಡಿ, ಬೈಸಿಕೊಳ್ಳುತ್ತೀರಿ. ಈ ಬೀರುವಿನಿಂದ ಆ ಬೀರುವಿಗೆ ಹುರಿಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಹಾಳೆ ನೇತುಹಾಕಿ. ಹಿಂದೆ ಒಂದೇ ಬಣ್ಣದ ಹಳೇ ಸೀರೆ ಬಿಟ್ಟರೆ ಫೋಟೋಗಳು ಎದ್ದು ಕಾಣುತ್ತವೆ. ದೊಡ್ಡವರಿಗೆ ಫೋಟೋದ ನಡುಭಾಗ ನೆಲದಿಂದ ಸುಮಾರು ನಾಲ್ಕು ಮುಕ್ಕಾಲು ಅಡಿ ಎತ್ತರಕ್ಕೆ ಬರಲಿ, ಮಕ್ಕಳ ಭಾಗ ಮೂರಡಿಗೆ. ನೆಲದಲ್ಲಿ ಕೂತು ನೋಡುವಂಥದ್ದೂ ಸ್ವಲ್ಪ ಇರಲಿ. ಅಜ್ಜಿಯರಿಗೆ ಅದೇ ಅನುಕೂಲ.

ಚೀಟಿ ಬರೆಯುವಾಗ ಐವತ್ತು ಪದ ದಾಟಬೇಡಿ. ಅಕ್ಷರ ದೊಡ್ಡದಿರಲಿ, ಕಂಪ್ಯೂಟರ್‌ನಲ್ಲಾದರೆ 24 ಪಾಯಿಂಟಿಗಿಂತ ಚಿಕ್ಕದು ಬೇಡ. 'ಸೇರು: ಪುರಾತನ ಅಳತೆಯ ಮಾಪನ' ಅಂತ ಬರೆದರೆ ಯಾರೂ ನಿಲ್ಲುವುದಿಲ್ಲ. 'ಈ ಸೇರಲ್ಲಿ ಅಳೆದ ರಾಗಿಯನ್ನು ಕೂಲಿಯಾಗಿ ಕೊಡುತ್ತಿದ್ದರು. ಮೇಲೆ ರಾಶಿ ಬರುವಂತೆ ತಲೆ ಕಟ್ಟಿ ಕೊಡುವುದು, ಬಾಯಿ ಮಟ್ಟಕ್ಕೆ ಗೀರಿ ಕೊಡುವುದು ಅಂತ ಎರಡು ಬಗೆ' ಅಂತ ಬರೆಯಿರಿ. ಮನೆಯವರು ಹೇಳಿದ ಮಾತನ್ನೇ ಅವರ ಮಾತಿನಲ್ಲೇ ಹಾಕಿದರೆ ಇನ್ನೂ ಚಂದ. ಬರೆದ ಮೇಲೆ ಅವರಿಗೊಮ್ಮೆ ಓದಿ ಹೇಳಿ. ನಮ್ಮ ಅರ್ಧ ಚೀಟಿಗಳು ಹೀಗೆ ತಿದ್ದಿಸಿಕೊಂಡವು.

ಪ್ರತಿ ಗುಂಪಿನ ಪಕ್ಕ ಒಂದು ಪುಸ್ತಕ ತೆರೆದಿಡಿ. ಇದು ತಪ್ಪಲೇಬಾರದು. ಕೂರಿಗೆಯ ಪಕ್ಕ ಒಕ್ಕಲುತನದ್ದು, ಬೀಸುವ ಕಲ್ಲಿನ ಪಕ್ಕ ಜನಪದ ಗೀತೆಗಳದ್ದು, ದೀಪದ ಪಕ್ಕ ಮಕ್ಕಳ ವಿಜ್ಞಾನದ್ದು. ಒಳಗೆ 'ಇದು ಎರಡನೇ ಬೀರು, ಮೂರನೇ ಸಾಲಿನಲ್ಲಿದೆ' ಅಂತ ಚೀಟಿ. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು. ಬೀಗ ಹಾಕಿದ ಬೀರುವಿನ ಮುಂದೆ ಪ್ರದರ್ಶನ ಮಾಡಬೇಡಿ, ಆ ಹತ್ತು ದಿನವಾದರೂ ಬೀರು ತೆರೆದಿರಲಿ. ಬಾಗಿಲ ಬಳಿ ಸದಸ್ಯತ್ವದ ಅರ್ಜಿ, ಪೆನ್ನು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಹಳ್ಳಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ.

ಸಂಜೆಯ ಕಾರ್ಯಕ್ರಮ

ಹತ್ತು ದಿನದಲ್ಲಿ ಎರಡು ಸಂಜೆ ಸಾಕು. ಒಂದು ಬೀಸುವ ಪದ, ಸೋಬಾನೆ ಪದದ್ದು. ಹಾಡುವವರನ್ನು ಮೈಕ್ ಮುಂದೆ ನಿಲ್ಲಿಸಬೇಡಿ, ದನಿ ಬಿಗಿಯಾಗಿಬಿಡುತ್ತದೆ. ಚಾಪೆ ಹಾಸಿ, ನಡುವೆ ಬೀಸುವ ಕಲ್ಲು ಇಟ್ಟು, ಎರಡು ಹಿಡಿ ರಾಗಿ ಹಾಕಿ. ಗೂಟ ಕೈಗೆ ಬಂದ ಕೂಡಲೇ ಪದ ತಾನಾಗಿ ಬರುತ್ತದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ಮುಂಚೆ ಕೇಳಿ, ಎಲ್ಲಿ ಹಾಕುತ್ತೀರಿ ಅಂತಲೂ ಹೇಳಿ. ಬೇಡ ಅಂದರೆ ಬೇಡ.

ಇನ್ನೊಂದು ಸಂಜೆ ಮಕ್ಕಳದ್ದು. ಒಗಟು, ಗಾದೆ, ಒಂದು ಕಥೆ ಗಟ್ಟಿಯಾಗಿ ಓದುವುದು. ಮಂಡಕ್ಕಿ, ಪಾನಕ ಕೊಡಿ, ಆದರೆ ಹೊರಗಡೆ ಜಗಲಿಯಲ್ಲಿ. ಪುಸ್ತಕದ ಹತ್ತಿರ ಬೆಲ್ಲ ಬಿದ್ದರೆ ಇರುವೆ, ಇರುವೆ ಹಿಂದೆ ಜಿರಳೆ.

ಉದ್ಘಾಟನೆ ಮಾಡಲೇಬೇಕು ಅಂದರೆ ಸಾಮಾನು ಕೊಟ್ಟವರಲ್ಲಿ ಹಿರಿಯರೊಬ್ಬರ ಕೈಯಲ್ಲಿ ಮಾಡಿಸಿ. ಅಧ್ಯಕ್ಷರನ್ನು, ಸದಸ್ಯರನ್ನು ಮುಂಚೆಯೇ ಮನೆಗೆ ಹೋಗಿ ಕರೆಯಿರಿ. ಗೌರವದಿಂದ ಕರೆದರೆ ಭಾಷಣ ಇಲ್ಲದಿದ್ದರೂ ಬರುತ್ತಾರೆ, ಕೂತು ನೋಡುತ್ತಾರೆ.

ಮುಗಿದ ಮೇಲೆ

ರಸೀದಿಯಲ್ಲಿ ಬರೆದ ದಿನವೇ ಪ್ರತಿ ವಸ್ತುವನ್ನೂ ಒರೆಸಿ, ಮನೆಗೆ ಹೋಗಿ ಕೊಟ್ಟು ಬನ್ನಿ. ಬಂದು ತೆಗೆದುಕೊಂಡು ಹೋಗಿ ಅಂತ ಹೇಳಿ ಕಳಿಸಬೇಡಿ. ಜೊತೆಗೆ ಆ ವಸ್ತುವಿನ ಚೀಟಿಯನ್ನೂ ಕೊಡಿ. ಸ್ಕ್ಯಾನ್ ಮಾಡಿದ ಫೋಟೋ, ಬರೆದುಕೊಂಡ ಮಾತು, ಶಾಸನದ ಓದು ಎಲ್ಲವನ್ನೂ ಒಂದು ಫೈಲಿಗೆ ಹಾಕಿ, ಊರಿನ ಹೆಸರು ಬರೆದು ಗ್ರಂಥಾಲಯದಲ್ಲೇ ಇಡಿ. ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ. ಎಷ್ಟು ಹೊಸ ಸದಸ್ಯರು, ಎಷ್ಟು ಪುಸ್ತಕ ಹೊರಗೆ ಹೋಯಿತು ಅಂತ ಲೆಕ್ಕ ಹಾಕಿ ಪಂಚಾಯಿತಿಗೆ ಅರ್ಧ ಪುಟದ ವರದಿ ಕೊಡಿ. ಮುಂದಿನ ಸಲ ಅನುಮತಿ ಕೇಳುವಾಗ ಅದೇ ಮಾತಾಡುತ್ತದೆ.

ಬಾಗಿಲ ಬಳಿ ಅಭಿಪ್ರಾಯ ಬರೆಯುವ ಪುಸ್ತಕ ಇಟ್ಟಿರುತ್ತೀರಲ್ಲ, ಅದನ್ನು ನಿಧಾನವಾಗಿ ಕೂತು ಓದಿ. 'ತುಂಬಾ ಚೆನ್ನಾಗಿದೆ' ಅನ್ನುವುದನ್ನು ಬಿಟ್ಟು, ಪ್ರಶ್ನೆ ಬರೆದವರನ್ನು ಹುಡುಕಿ. ನಮ್ಮ ಪುಸ್ತಕದ ಒಂಬತ್ತನೇ ಪುಟದಲ್ಲಿ ಯಾರೋ ಮಗು ಪೆನ್ಸಿಲ್‌ನಲ್ಲಿ ಬರೆದಿತ್ತು, 'ನಮ್ಮೂರ ಕೆರೆ ಕಟ್ಟಿಸಿದ್ದು ಯಾರು?' ತೂಬಿನ ಪಕ್ಕ ಒಂದು ಕಲ್ಲಿದೆ, ಮೇಲೆ ಪಾಚಿ ಕಟ್ಟಿದೆ. ಈ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಟಾರ್ಚ್ ಹಿಡಿದು ಅಲ್ಲಿಗೆ ಹೋಗುತ್ತಿದ್ದೇವೆ.